ಕುವೈತ್‌ನಿಂದ ಮರಳಿದ್ದೇನೆ, ಮನೆಯಲ್ಲಿ ನೆಂಟನಂತಾಗಿದ್ದೇನೆ

ಪ್ರಶ್ನೆ: ಕುಂದಾಪುರದ ಒಳನಾಡಿನ ಹಳ್ಳಿ ನಮ್ಮದು. ವಯಸ್ಸು 51. ಕುವೈತ್‌ನಲ್ಲಿ 22 ವರ್ಷ ದುಡಿದು ಕಳೆದ ಮೇ ತಿಂಗಳಲ್ಲಿ ಪೂರ್ತಿಯಾಗಿ ಊರಿಗೆ ಬಂದೆ. ಮೊದಲೆಲ್ಲ ಎರಡು ವರ್ಷಕ್ಕೊಮ್ಮೆ 45 ದಿನ ರಜೆ ಸಿಗುತ್ತಿತ್ತು. ಅಡಿಕೆ ತೋಟ, ಅಮ್ಮನ ಔಷಧ, ಮಗಳ ಕಾಲೇಜು ಎಲ್ಲವನ್ನೂ ಹೆಂಡತಿ ನನ್ನನ್ನು ಕೇಳದೆ ತೀರ್ಮಾನಿಸುತ್ತಾಳೆ. ಬಾಯಿ ಹಾಕಿದರೆ ಜಗಳ. ಪಿಯುಸಿ ಓದುವ ಮಗಳು ನನ್ನನ್ನು ಕಂಡರೆ ಕೋಣೆ ಸೇರುತ್ತಾಳೆ. ಊರಿನವರು ಸಾಲ ಕೇಳುತ್ತಾರೆ. ಶುಗರ್ ಇದೆ, ರಾತ್ರಿ ನಿದ್ದೆಯಿಲ್ಲ. ಏಜೆಂಟರೊಬ್ಬರು ಮತ್ತೆ ಕರೆಯುತ್ತಿದ್ದಾರೆ. ಹೊರಟುಬಿಡಲೇ?

ಉತ್ತರ: ಈಗ ಹೊರಡಬೇಡಿ. ನಿಮ್ಮ ರಜೆಗಳನ್ನೆಲ್ಲ ಕೂಡಿಸಿದರೂ ಹೆಂಡತಿಯೊಂದಿಗೆ ಒಂದೇ ಸೂರಿನಡಿ ಇದ್ದದ್ದು ಒಂದೂವರೆ ವರ್ಷ ದಾಟುವುದಿಲ್ಲ. ಅದೂ ನೆಂಟರು, ಕೋಳಿಸಾರು, ಪೆಟ್ಟಿಗೆ ಬಿಚ್ಚುವ ಸಂಭ್ರಮದ ದಿನಗಳು. ಆ ದಿನಗಳನ್ನೇ ಅಳತೆಗೋಲು ಮಾಡಿಕೊಂಡು ಈಗಿನ ಸಪ್ಪೆ ಮಂಗಳವಾರವನ್ನು ಅಳೆದರೆ ಎಲ್ಲವೂ ಕಡಿಮೆ ಅನಿಸುವುದು ಸಹಜ. ನೀವಿಬ್ಬರೂ ದಿನನಿತ್ಯದ ಸಂಸಾರ ಶುರು ಮಾಡಿ ಇನ್ನೂ ಕೆಲವೇ ತಿಂಗಳಾಗಿದೆ.

ಕೇಳದೆ ತೀರ್ಮಾನಿಸುವುದು ನಿಮ್ಮ ಹೆಂಡತಿ ಮಾಡುತ್ತಿರುವ ಅವಮಾನವಲ್ಲ. ಇಪ್ಪತ್ತೆರಡು ವರ್ಷ ಹಾಗೆ ತೀರ್ಮಾನಿಸಿದ್ದರಿಂದಲೇ ಮನೆ ನಿಂತಿದೆ. ನೀವು ಅರ್ಧದಲ್ಲಿ ಬಂದು ಕೂಲಿ ಜಾಸ್ತಿಯಾಯ್ತು ಎಂದರೆ ಅವರಿಗೆ ಕೇಳಿಸುವುದು ಅಷ್ಟೂ ವರ್ಷಗಳ ಲೆಕ್ಕ ತಪ್ಪಿತ್ತು ಎಂದೇ.

ಹಾಗಾಗಿ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕೈ ಹಾಕುವುದನ್ನು ಬಿಟ್ಟು, ಅವರನ್ನೇ ಕೇಳಿ ಒಂದು ಕೆಲಸವನ್ನು ಬುಡದಿಂದ ತುದಿಯವರೆಗೆ ವಹಿಸಿಕೊಳ್ಳಿ. ಮಳೆಗಾಲದಲ್ಲಿ ಅಡಿಕೆಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಔಷಧಿ ಹೊಡೆಸುವುದು ಒಳ್ಳೆಯ ಆಯ್ಕೆ. ಮಳೆ ಹಿಡಿಯುವ ಮೊದಲು, ಮೇ ಕೊನೆಯ ಹೊತ್ತಿಗೆ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, ಒಟ್ಟು 100 ಲೀಟರ್ ನೀರು. ಎರಡನ್ನೂ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಬೇರೆ ಬೇರೆ ಕರಗಿಸಿ ಆಮೇಲೆ ಬೆರೆಸಬೇಕು. ಉಜ್ಜಿದ ಕಬ್ಬಿಣದ ಚೂರಿ ಅದ್ದಿದಾಗ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ. ಕಲಸಿದ್ದನ್ನು ಅಂದೇ ಮುಗಿಸಬೇಕು. ಆದರೆ ನಿಜವಾದ ಕಷ್ಟ ಮರ ಹತ್ತುವವರದು. ಇಡೀ ಊರಿಗೆ ಅವರು ಅದೇ ವಾರ ಬೇಕು. ಏಪ್ರಿಲ್‌ನಲ್ಲೇ ಮಾತಾಡಿಡಬೇಕು, ಹಾಗೆ ಮಾತಾಡಲು ಯಾರ ಮನೆಗೆ ಹೋಗಬೇಕು ಎನ್ನುವುದು ಹೆಂಡತಿಗೆ ಮಾತ್ರ ಗೊತ್ತು. ಈ ಸಲದ ಕೊಯ್ಲಿನಲ್ಲಿ ಜೊತೆಗಿದ್ದು ಆ ಹೆಸರುಗಳನ್ನೂ ಲೆಕ್ಕವನ್ನೂ ತಿಳಿದುಕೊಳ್ಳಿ, ಟೀಕೆ ಬೇಡ.

ಮಗಳಿಗೆ ನೀವು ಇಷ್ಟು ವರ್ಷ ಫೋನಿನಲ್ಲಿ ಬರುವ ಪ್ರಶ್ನೆಯಾಗಿದ್ದಿರಿ: ಊಟ ಆಯ್ತಾ, ಓದಿದ್ಯಾ, ಮಾರ್ಕ್ಸ್ ಎಷ್ಟು. ಎದುರಿಗೂ ಅದನ್ನೇ ಕೇಳಿದರೆ ಅವಳು ಕೋಣೆಗೇ ಹೋಗುತ್ತಾಳೆ. ದಿನಾ ಬೆಳಿಗ್ಗೆ ಬೈಕಿನಲ್ಲಿ ಬಸ್ ಸ್ಟಾಪಿಗೆ ಬಿಡಿ, ದಾರಿಯಲ್ಲಿ ಏನೂ ವಿಚಾರಿಸಬೇಡಿ. ಅವಳಾಗಿ ಮಾತು ತೆಗೆಯಲು ತಿಂಗಳುಗಳೇ ಹಿಡಿದಾವು, ಕಾಯಿರಿ.

ಕುವೈತ್‌ಗೂ ನಮಗೂ ಎರಡೂವರೆ ಗಂಟೆ ವ್ಯತ್ಯಾಸ. ದೇಹ ಅದಕ್ಕೆ ಕೆಲವೇ ದಿನಗಳಲ್ಲಿ ಹೊಂದಿಕೊಳ್ಳುತ್ತದೆ. ಇಷ್ಟು ತಿಂಗಳಾದರೂ ನಿದ್ದೆ ಬಾರದಿದ್ದರೆ ಪ್ರಯಾಣ ಕಾರಣವಲ್ಲ. ಡ್ಯೂಟಿ ಇಲ್ಲದ ದಿನ, ಮಧ್ಯಾಹ್ನದ ಉದ್ದ ನಿದ್ದೆ, ರಾತ್ರಿ ಏರಿದ ಶುಗರಿನಿಂದ ಪದೇಪದೇ ಮೂತ್ರಕ್ಕೇಳುವುದು, ಇವನ್ನು ಮೊದಲು ನೋಡಿ. ಏಳುವ ಹೊತ್ತು ಭಾನುವಾರವೂ ಒಂದೇ ಇರಲಿ, ಮಧ್ಯಾಹ್ನ ಅರ್ಧ ಗಂಟೆ ಮೀರಿ ಮಲಗಬೇಡಿ. ಅಲ್ಲಿಂದ ತಂದ ಮಾತ್ರೆಗಳ ಪಟ್ಟಿ ಹಿಡಿದು ವೈದ್ಯರ ಬಳಿ ಹೋಗಿ. ಬ್ರಾಂಡಿನ ಹೆಸರು ಇಲ್ಲಿ ಬೇರೆಯಿರಬಹುದು, ಆದ್ದರಿಂದ ಔಷಧದ ಮೂಲ ಹೆಸರು ಮತ್ತು ಮಿಲಿಗ್ರಾಂ ಬರೆದುಕೊಳ್ಳಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಎರಡು ವಾರಕ್ಕೂ ಮಿಕ್ಕಿ ದಿನವಿಡೀ ಬೇಸರ, ಯಾವುದರಲ್ಲೂ ಮನಸ್ಸಿಲ್ಲ ಎಂದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲುರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕಂಪನಿಯ ವಿಮೆ ಮುಗಿದಿರುತ್ತದೆ, ಹಾಗಾಗಿ ಆರೋಗ್ಯ ವಿಮೆಯನ್ನು ಈ ತಿಂಗಳೇ ಮಾಡಿಸಿ. ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ ಮೂರು ವರ್ಷದವರೆಗೆ ಕಾಯಿಸುತ್ತಾರೆ, ತಡ ಮಾಡಿದಷ್ಟೂ ಆ ಲೆಕ್ಕ ಮುಂದಕ್ಕೆ ಹೋಗುತ್ತದೆ. ಶುಗರ್ ಮುಚ್ಚಿಡಬೇಡಿ, ಕ್ಲೇಮ್ ತಿರಸ್ಕಾರವಾಗುವುದು ಅಲ್ಲೇ. ಬ್ಯಾಂಕಿಗೂ ಮರಳಿದ್ದನ್ನು ತಿಳಿಸಿ. ಎನ್‌ಆರ್‌ಇ ಖಾತೆಯನ್ನು, ಅಂದರೆ ಅನಿವಾಸಿ ಭಾರತೀಯರಿಗಿರುವ ರೂಪಾಯಿ ಖಾತೆಯನ್ನು, ನಿವಾಸಿ ಖಾತೆ ಇಲ್ಲವೇ ಆರ್‌ಎಫ್‌ಸಿ ಖಾತೆಯಾಗಿ (ಮರಳಿದವರು ವಿದೇಶಿ ಹಣವನ್ನು ಹಾಗೇ ಇಡುವ ಖಾತೆ) ಬದಲಿಸಬೇಕು. ಖಾಯಂ ಆಗಿ ಮರಳಿದವರಿಗೆ ಎನ್‌ಆರ್‌ಇ ಬಡ್ಡಿಯ ತೆರಿಗೆ ವಿನಾಯಿತಿ ಮುಂದುವರಿಯುವುದಿಲ್ಲ.

ಸಾಲದ ವಿಷಯದಲ್ಲಿ ಸುಳ್ಳು ಹೇಳುವ ಅಗತ್ಯವೇ ಬಾರದಂತೆ ಮಾಡಿ. ಒಂದು ವರ್ಷದ ಮನೆಖರ್ಚು ಉಳಿತಾಯ ಖಾತೆಯಲ್ಲಿರಲಿ, ಉಳಿದದ್ದನ್ನು ಹೆಂಡತಿಯ ಹೆಸರೂ ಸೇರಿಸಿ ಠೇವಣಿ ಇಡಿ. ಕೇಳಿದವರಿಗೆಲ್ಲ ಒಂದೇ ಮಾತು: 'ಹಣ ಡೆಪಾಸಿಟ್‌ನಲ್ಲಿದೆ, ಇಬ್ಬರೂ ಸಹಿ ಹಾಕಬೇಕು'. ಖಾತೆಯನ್ನೂ ಇಬ್ಬರ ಸಹಿ ಬೇಕಾಗುವಂತೆಯೇ ತೆರೆಸಿ. ಅಂಗಡಿ, ಸೈಟು, ಪಾಲುದಾರಿಕೆ ಮೊದಲ ವರ್ಷ ಯಾವುದೂ ಬೇಡ.

ಏಜೆಂಟರಿಗೆ ಮುಂದಿನ ಜುಲೈವರೆಗೆ ಆಗುವುದಿಲ್ಲ ಎನ್ನಿ. ಅಷ್ಟರಲ್ಲಿ ಒಂದು ಕೊಯ್ಲು, ಎರಡು ಸಿಂಪರಣೆ, ಮಗಳ ಒಂದು ಪರೀಕ್ಷೆ ಮುಗಿದಿರುತ್ತದೆ. ಆಗಲೂ ಹೋಗಬೇಕೆನಿಸಿದರೆ ಹೆಂಡತಿಯ ಜೊತೆ ಕೂತು, ಎಷ್ಟು ವರ್ಷ ಮತ್ತು ಯಾವ ಖರ್ಚಿಗಾಗಿ ಎಂದು ಬರೆದಿಟ್ಟು ಹೋಗಿ.