ಗುಳ್ಳೆಯಿಲ್ಲ, ಗಂಧೆಯಿಲ್ಲ, ಆದರೂ ನಿಲ್ಲದ ನವೆ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನನಗೆ 52 ವರ್ಷ. ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ಮೂರು ವರ್ಷಗಳಿಂದ ಬೆನ್ನಿನ ಎಡಗಡೆ, ರೆಕ್ಕೆಮೂಳೆಯ ಒಳ ಅಂಚಿನ ಪಕ್ಕದಲ್ಲಿ, ಅಂಗೈಯಗಲದ ಜಾಗ ಸದಾ ನವೆಯಾಗುತ್ತದೆ. ಗುಳ್ಳೆ, ಗಂಧೆ ಏನೂ ಇಲ್ಲ. ಕೈಗೆ ಎಟುಕದ ಕಾರಣ ಬಾಗಿಲವಾಡಕ್ಕೆ ಉಜ್ಜಿ ಉಜ್ಜಿ ಆ ಜಾಗ ಕಪ್ಪುಗಟ್ಟಿದೆ. ಅಲರ್ಜಿ ಮಾತ್ರೆಯಿಂದ ನಿದ್ದೆ ಬಂತೇ ಹೊರತು ನವೆ ಹೋಗಲಿಲ್ಲ. ಔಷಧಿ ಅಂಗಡಿಯಲ್ಲಿ ಕೊಟ್ಟ ಮುಲಾಮುಗಳನ್ನೂ ಹಚ್ಚಿದ್ದೇನೆ. ಅತ್ತೆಯವರು ನಂಜೆಂದು ಬದನೆಕಾಯಿ ಬಿಡಿಸಿದ್ದಾರೆ. ಕಣ್ಣಿಗೆ ಏನೂ ಕಾಣದ ಮೇಲೆ ಇದು ಮನಸ್ಸಿನ ಕಾಯಿಲೆ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಕಪ್ಪು ಮಚ್ಚೆ ಕುಷ್ಠವಿರಬಹುದೇ ಎಂಬ ಭಯ ಬೇರೆ. ದಯವಿಟ್ಟು ದಾರಿ ತೋರಿಸಿ.
– ಹೆಸರು ಬೇಡ, ಶಿಡ್ಲಘಟ್ಟ

ಉತ್ತರ: ಅಮ್ಮಾ, ನಿಮ್ಮ ನವೆ ನಿಜವಾದದ್ದು. ಇದನ್ನು ಮೊದಲು ಹೇಳುತ್ತಿರುವುದಕ್ಕೆ ಕಾರಣವಿದೆ. ಇಂಥ ತೊಂದರೆಯಿರುವವರು ನವೆಯಿಂದ ಬಳಲುವಷ್ಟೇ, ಮನೆಯವರು ನಂಬದಿರುವುದರಿಂದಲೂ ಬಳಲುವುದನ್ನು ನಾನು ಬಹಳ ಕಾಲದಿಂದ ನೋಡುತ್ತಿದ್ದೇನೆ. ಪತ್ರ ಓದಿ ರೋಗ ನಿರ್ಣಯಿಸುವುದು ಸರಿಯಲ್ಲವಾದರೂ, ಬೆನ್ನಿನ ಒಂದೇ ಪಕ್ಕ, ವರ್ಷಗಟ್ಟಲೆ ಅದೇ ಜಾಗ, ಗುಳ್ಳೆಯಿಲ್ಲದ ಚರ್ಮ, ಅಲರ್ಜಿ ಮಾತ್ರೆಗೆ ಬಗ್ಗದ ನವೆ ಎಂಬ ನಿಮ್ಮ ವಿವರಗಳೆಲ್ಲ ‘ನೋಟಾಲ್ಜಿಯಾ ಪ್ಯಾರೆಸ್ಥೆಟಿಕಾ’ ಎಂಬ ನರಸಂಬಂಧಿ ತೊಂದರೆಯ ಕಡೆಗೆ ಬೆರಳು ತೋರಿಸುತ್ತವೆ. ನಡುವಯಸ್ಸು ದಾಟಿದ ಹೆಂಗಸರಲ್ಲಿ ಇದು ಹೆಚ್ಚು.

ನವೆಯ ಸುದ್ದಿಯನ್ನು ಚರ್ಮದಿಂದ ಬೆನ್ನುಹುರಿಗೂ ಅಲ್ಲಿಂದ ಮಿದುಳಿಗೂ ಒಯ್ಯುವುದು ಬಹಳ ತೆಳುವಾದ ನರತಂತುಗಳು. ನವೆ ಎಂದರೆ ಸಣ್ಣ ಪ್ರಮಾಣದ ನೋವು ಎಂದೇ ಬಹುಕಾಲ ಭಾವಿಸಲಾಗಿತ್ತು. ಮನುಷ್ಯರ ಚರ್ಮದಲ್ಲಿ ನವೆಗೇ ಮೀಸಲಾದಂತೆ ಕೆಲಸ ಮಾಡುವ ತಂತುಗಳನ್ನು ಜರ್ಮನಿ ಮತ್ತು ಸ್ವೀಡನ್ನಿನ ಸಂಶೋಧಕರು 1997ರಲ್ಲಿ ಗುರುತಿಸಿದರು. ಬೆನ್ನಿನ ಮೇಲ್ಭಾಗದಲ್ಲಿ, ಎದೆಮಟ್ಟದ 2ರಿಂದ 6ನೆಯ ಬೆನ್ನುಮೂಳೆಗಳ ಬಳಿ ಹೊರಡುವ ನರಗಳ ಹಿಂಗವಲುಗಳು ದಪ್ಪ ಸ್ನಾಯುಗಳನ್ನು ಹೆಚ್ಚುಕಡಿಮೆ ನೇರವಾಗಿ ತೂರಿಕೊಂಡು ಚರ್ಮಕ್ಕೆ ಬರಬೇಕಾಗಿರುವುದರಿಂದ, ಮೂಳೆಯ ಸವೆತದಿಂದಲೋ ಸ್ನಾಯುಗಳ ಬಿಗಿತದಿಂದಲೋ ಅವು ಸುಲಭವಾಗಿ ಒತ್ತಡಕ್ಕೆ ಸಿಗುತ್ತವೆ. ಹೀಗೆ ಕೆರಳಿದ ನರ, ಚರ್ಮದಲ್ಲಿ ಏನೂ ಆಗದಿದ್ದರೂ, ನವೆಯ ಸುದ್ದಿಯನ್ನು ಕಳುಹಿಸುತ್ತಲೇ ಇರುತ್ತದೆ. ಬೋರ್‌ವೆಲ್ ಮೋಟಾರಿನ ಕೇಬಲ್ ನಡುವೆಲ್ಲೋ ಸವೆದಿರುವಾಗ ಸ್ಟಾರ್ಟರ್ ಪೆಟ್ಟಿಗೆಯನ್ನು ಎಷ್ಟು ಒರೆಸಿದರೂ ಉಪಯೋಗವಾಗದಂತೆ, ಇಲ್ಲಿ ಚರ್ಮಕ್ಕೆ ಮಾತ್ರ ಮಾಡುವ ಚಿಕಿತ್ಸೆ ನಿಲ್ಲುವುದಿಲ್ಲ. ನೂಲು ತೆಗೆಯುವವರು ಗಂಟೆಗಟ್ಟಲೆ ಕುತ್ತಿಗೆ ತಗ್ಗಿಸಿ, ತೋಳು ಮುಂದೆ ಚಾಚಿ ಕೂರುವುದರಿಂದ ಇದೇ ಸ್ನಾಯುಗಳ ಮೇಲೆ ಎಳೆತ ಬೀಳುತ್ತದೆ.

ನಿಮ್ಮ ಮಾತ್ರೆ ಸೋತದ್ದೂ ಇದರಿಂದಲೇ. ಸೆಟಿರಿಜಿನ್‌ನಂಥ ಮಾತ್ರೆಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ತಡೆಯುತ್ತವೆ. ಪಿತ್ತಗಂಧೆಯಲ್ಲಿ ಅದು ಸರಿಯಾದ ಔಷಧ, ಆದರೆ ನರದ ನವೆಯಲ್ಲಿ ಹಿಸ್ಟಮಿನ್ನಿನ ಪಾತ್ರ ಅಷ್ಟಾಗಿ ಇಲ್ಲ. ಬದನೆಕಾಯಿಗೂ ಈ ನವೆಗೂ ಸಂಬಂಧವಿಲ್ಲ, ನೆಮ್ಮದಿಯಾಗಿ ತಿನ್ನಿ. ನನಗೆ ಆತಂಕವಿರುವುದು ಅಂಗಡಿಯ ಮುಲಾಮಿನ ಬಗ್ಗೆ. ಸ್ಟೀರಾಯ್ಡ್, ಹುಳುಕಡ್ಡಿ ಔಷಧ, ಆ್ಯಂಟಿಬಯೋಟಿಕ್ ಮೂರನ್ನೂ ಬೆರೆಸಿದ ಟ್ಯೂಬುಗಳು ನಮ್ಮಲ್ಲಿ ಚೀಟಿಯಿಲ್ಲದೆಯೂ ಕೈಗೆ ಸಿಗುತ್ತವೆ; ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಹುಳುಕಡ್ಡಿ ಇದ್ದರೆ ಅದು ರೂಪ ಮರೆಸಿಕೊಂಡು ಹರಡುತ್ತದೆ. ಆ ಟ್ಯೂಬನ್ನು ವೈದ್ಯರಿಗೆ ತೋರಿಸಿ, ಅವರು ಹೇಳದೆ ಮತ್ತೆ ಹಚ್ಚಬೇಡಿ.

ಕಪ್ಪು ಬಣ್ಣ ಬಹುಮಟ್ಟಿಗೆ ಉಜ್ಜಿದ್ದರಿಂದಲೇ ಬಂದದ್ದು. ಕುಷ್ಠದ ಮಚ್ಚೆ ಸಾಮಾನ್ಯವಾಗಿ ಸುತ್ತಲಿನ ಚರ್ಮಕ್ಕಿಂತ ತಿಳಿಯಾಗಿಯೋ ಕೆಂಪಾಗಿಯೋ ಇದ್ದು, ಅಲ್ಲಿ ಸ್ಪರ್ಶ ತಿಳಿಯುವುದಿಲ್ಲ. ನವೆ ಅದರ ಲಕ್ಷಣವಲ್ಲ. ಆದರೂ ಆ ಭಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇರಬೇಡಿ. ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವೈದ್ಯರು ಹತ್ತಿ ಮತ್ತು ಸೂಜಿಮೊನೆಯಿಂದ ಕೆಲವೇ ನಿಮಿಷಗಳಲ್ಲಿ ಪರೀಕ್ಷಿಸಿ ಹೇಳಬಲ್ಲರು. ಆರು ವಾರ ಮೀರಿದ ಯಾವುದೇ ನವೆಗೆ ಸಕ್ಕರೆ, ಥೈರಾಯ್ಡ್, ಮೂತ್ರಪಿಂಡ, ಯಕೃತ್ತು ಮತ್ತು ರಕ್ತಹೀನತೆಯ ಪರೀಕ್ಷೆಗಳನ್ನು ಒಮ್ಮೆ ಮಾಡಿಸುವುದು ಒಳ್ಳೆಯದು. ಕತ್ತು, ಬೆನ್ನು ಬಾಗದಷ್ಟು ಬಿಗಿದಿದ್ದರೆ ಅದನ್ನೂ ತಿಳಿಸಿ. ನಮ್ಮ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಜಿಲ್ಲೆಗಳ ಹಲವು ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ; ವರ್ಷಾನುಗಟ್ಟಲೆ ಆ ನೀರು ಕುಡಿದವರಲ್ಲಿ ಬೆನ್ನುಮೂಳೆ ಗಡುಸಾಗಿ ನರಗಳ ಬುಡವನ್ನೇ ಒತ್ತಬಹುದು.

ಚಿಕಿತ್ಸೆಯಲ್ಲಿ ಮೊದಲನೆಯದು ಮೆಣಸಿನಕಾಯಿಯ ಖಾರದ ಸಾರವಾದ ಕ್ಯಾಪ್ಸೈಸಿನ್ ಕ್ರೀಮು. ದಿನಕ್ಕೆ ಮೂರು ನಾಲ್ಕು ಬಾರಿಯಂತೆ ಕೆಲವು ವಾರ ಬಿಡದೆ ಹಚ್ಚಿದಾಗ ನರದ ತುದಿಗಳು ಸುದ್ದಿ ಕಳುಹಿಸುವ ಶಕ್ತಿಯನ್ನು ಕ್ರಮೇಣ ಕಳೆದುಕೊಳ್ಳುತ್ತವೆ. ಮೊದಲ ದಿನಗಳಲ್ಲಿ ಚೆನ್ನಾಗಿಯೇ ಉರಿಯುತ್ತದೆ, ಅನೇಕರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ದಿನ ಕಳೆದಂತೆ ಉರಿ ಇಳಿಯುತ್ತದೆಂದು ತಿಳಿದಿದ್ದರೆ ತಾಳಿಕೊಳ್ಳುವುದು ಸುಲಭ. ಹಚ್ಚಿದವರು ಕೈಯನ್ನು ಸೋಪಿನಿಂದ ತೊಳೆಯಬೇಕು. ಮನೆಯಲ್ಲಿ ಮೆಣಸಿನಕಾಯಿ ಅರೆದು ಹಚ್ಚುವ ಸಾಹಸ ಖಂಡಿತ ಬೇಡ, ಚರ್ಮ ಬೆಂದುಹೋಗುತ್ತದೆ. ಉರಿ ತಡೆಯದವರಿಗೆ ಲಿಡೋಕೇನ್ ಮುಲಾಮು ಇದೆ. ಇಷ್ಟಕ್ಕೂ ನಿದ್ದೆ ಬಾರದಿದ್ದರೆ ವೈದ್ಯರು ರಾತ್ರಿ ಹೊತ್ತು ಗ್ಯಾಬಾಪೆಂಟಿನ್ ಅಥವಾ ಪ್ರಿಗ್ಯಾಬಲಿನ್ ಕೊಡಬಹುದು. ಇವು ನರವನ್ನು ಶಾಂತಗೊಳಿಸುವ ಮಾತ್ರೆಗಳು. ತಲೆಸುತ್ತು, ಮಂಪರು ತರುವುದರಿಂದ, ಗೂಡು ಬೇಯಿಸುವ ಕುದಿನೀರಿನ ಪಕ್ಕದಲ್ಲಿ ಕೆಲಸ ಮಾಡುವ ನೀವು ಮೊದಲ ವಾರ ತುಂಬ ಎಚ್ಚರವಾಗಿರಬೇಕು. ಮೂತ್ರಪಿಂಡದ ತೊಂದರೆಯಿದ್ದರೆ ಪ್ರಮಾಣ ತಗ್ಗಿಸಬೇಕಾಗುತ್ತದೆ, ಇದ್ದಕ್ಕಿದ್ದಂತೆ ನಿಲ್ಲಿಸಲೂ ಬಾರದು.

ಅರ್ಧ ಗಂಟೆಗೊಮ್ಮೆ ಎದ್ದು, ಎರಡೂ ರೆಕ್ಕೆಮೂಳೆಗಳು ಹತ್ತಿರವಾಗುವಂತೆ ಹೆಗಲನ್ನು ಹಿಂದಕ್ಕೆಳೆದು ಕೆಲವು ಕ್ಷಣ ಹಿಡಿದು ಬಿಡಿ. ಬಿಸಿನೀರು ಸುರಿದುಕೊಂಡರೆ ಆ ಕ್ಷಣಕ್ಕೆ ಹಾಯೆನಿಸಿ ಆಮೇಲೆ ನವೆ ಇಮ್ಮಡಿಯಾಗುವುದರಿಂದ ಉಗುರುಬೆಚ್ಚಗಿನ ನೀರೇ ಸಾಕು, ಸ್ನಾನದ ನಂತರ ಕೊಬ್ಬರಿ ಎಣ್ಣೆ ಹಚ್ಚಿಸಿಕೊಳ್ಳಿ. ನವೆ ಎದ್ದಾಗ ಒದ್ದೆ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ. ಉಜ್ಜಿದಷ್ಟೂ ನರ ಇನ್ನಷ್ಟು ಕೆರಳುತ್ತದೆ. ಆದರೆ ಕೆರೆಯಬೇಡವೆಂದು ಗದರುವುದರಿಂದ ಯಾರ ಕೈಯೂ ನಿಲ್ಲುವುದಿಲ್ಲ. ನಿಮ್ಮ ಯಜಮಾನರು ಇದನ್ನು ಓದುತ್ತಿದ್ದರೆ ಅವರಲ್ಲಿ ನನ್ನ ವಿನಂತಿ: ಕ್ರೀಮು ಹಚ್ಚಬೇಕಾದ ಜಾಗ ಆಕೆಯ ಕೈಗೆ ಎಟುಕದು, ಆ ಕೆಲಸವನ್ನು ನೀವು ವಹಿಸಿಕೊಳ್ಳಿ. ಈ ನವೆ ಪೂರ್ತಿ ಹೋಗದಿರಬಹುದು, ನಡುನಡುವೆ ಮರುಕಳಿಸಬಹುದು. ಆದರೆ ನಿದ್ದೆಗೂ ಕೆಲಸಕ್ಕೂ ಅಡ್ಡಿಯಾಗದ ಮಟ್ಟಕ್ಕೆ ಇಳಿಸಲು ಬಹುಪಾಲು ಸಾಧ್ಯವಿದೆ.

ಪ್ರಶ್ನೆ: ನಾನು ಟೊಮೆಟೊ ಸಾಗಿಸುವ ಲಾರಿಯ ಚಾಲಕ, ವಯಸ್ಸು 44. ಬಿಸಿಲುಗಾಲ ಬಂತೆಂದರೆ ಬಲಗೈಯ ಮೊಣಕೈ ಸುತ್ತ ಚುಚ್ಚಿದಂತೆ ನವೆಯಾಗುತ್ತದೆ. ಐಸ್ ಇಟ್ಟರೆ ಮಾತ್ರ ನಿಲ್ಲುತ್ತದೆ. ಇದೇನು?
– ಓದುಗ, ಚಿಂತಾಮಣಿ

ಉತ್ತರ: ಐಸಿನ ವಿಷಯ ಬರೆದು ಒಳ್ಳೆಯದು ಮಾಡಿದಿರಿ, ಏಕೆಂದರೆ ವೈದ್ಯರು ಇದನ್ನು ಗುರುತಿಸುವುದೇ ಆ ಒಂದು ಲಕ್ಷಣದಿಂದ. ಇದರ ಹೆಸರು ‘ಬ್ರೇಕಿಯೋರೇಡಿಯಲ್ ಪ್ರುರೈಟಸ್’. ಅಮೆರಿಕದ ಫ್ಲೋರಿಡಾದಂಥ ಬಿಸಿಲುನಾಡಿನಲ್ಲಿ 1968ರಲ್ಲಿ ಇದನ್ನು ಮೊದಲು ವಿವರಿಸಲಾಯಿತು. ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳ ಮೇಲಿನ ಒತ್ತಡ ಮತ್ತು ಬಿಸಿಲು ಎರಡೂ ಸೇರಿ ಇದನ್ನು ಎಬ್ಬಿಸುತ್ತವೆ. ನಿಮ್ಮ ಬಲಗೈ ದಿನವಿಡೀ ಕಿಟಕಿಯ ಬಿಸಿಲಿಗೆ ಒಡ್ಡಿಕೊಂಡಿರುವುದರಿಂದ ತುಂಬುತೋಳಿನ ಅಂಗಿಯೇ ಮೊದಲ ಔಷಧ. ಐಸನ್ನು ಬಟ್ಟೆಯಲ್ಲಿ ಸುತ್ತಿಯೇ ಇಡಿ. ಮಂಪರು ತರುವ ಮಾತ್ರೆಗಳನ್ನು ಬರೆಯುವ ಮುನ್ನ ನಿಮ್ಮ ಉದ್ಯೋಗವನ್ನು ವೈದ್ಯರಿಗೆ ತಿಳಿಸಲೇಬೇಕು. ಹಿಡಿತ ಸಡಿಲವಾಗುವುದು, ಬೆರಳು ಜೋಮು ಹಿಡಿಯುವುದು, ನಡಿಗೆ ತಪ್ಪುವುದು ಕಂಡರೆ ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ.

ಪ್ರಶ್ನೆ: ನಮ್ಮ ಮಾವನವರಿಗೆ 71 ವರ್ಷ. ಕಳೆದ ವರ್ಷ ಹಣೆಯ ಮೇಲೆ ಸರ್ಪಸುತ್ತು ಆಗಿತ್ತು. ಮಂತ್ರ ಹಾಕಿಸಿ ಕೆಮ್ಮಣ್ಣು ಹಚ್ಚಿಸಿದೆವು. ಹುಣ್ಣು ಮಾಗಿದೆ, ಆದರೆ ನಿದ್ದೆಯಲ್ಲಿ ರಕ್ತ ಬರುವಷ್ಟು ಕೆರೆದುಕೊಳ್ಳುತ್ತಾರೆ.
– ಓದುಗರು, ಬಾಗೇಪಲ್ಲಿ

ಉತ್ತರ: ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ತಂದ ವೈರಸ್ಸು ನರದ ಬುಡದಲ್ಲಿ ಅಡಗಿದ್ದು, ಶಕ್ತಿ ಕುಂದಿದಾಗ ಮತ್ತೆ ಏಳುವುದೇ ಸರ್ಪಸುತ್ತು. ಗುಳ್ಳೆ ಕಂಡ 72 ಗಂಟೆಗಳೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾದರೆ ಕಾಯಿಲೆಯ ತೀವ್ರತೆ ತಗ್ಗುತ್ತದೆ. ಆದ್ದರಿಂದ ಮನೆಯಲ್ಲಿ ಇನ್ನಾರಿಗಾದರೂ ಬಂದರೆ ಮೊದಲು ಆಸ್ಪತ್ರೆಗೆ ಹೋಗಿ. ಈಗ ಮಾವನವರ ಹಣೆಯಲ್ಲಿ ಸ್ಪರ್ಶಜ್ಞಾನ ಕುಂದಿರಬಹುದು, ನೋವು ಗೊತ್ತಾಗದ ಕಾರಣ ಕೈ ನಿಲ್ಲುವುದಿಲ್ಲ. ಹೀಗೆಯೇ ನಿದ್ದೆಯಲ್ಲಿ ಕೆರೆದು ತಲೆಬುರುಡೆಯವರೆಗೂ ಗಾಯ ಮಾಡಿಕೊಂಡ ಮಹಿಳೆಯೊಬ್ಬರ ವಿವರವನ್ನು 2002ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ್ದಾರೆ. ಅದು ಅಪರೂಪ, ಆದರೆ ರಕ್ತ ಬರುತ್ತಿರುವುದನ್ನು ಹಗುರವಾಗಿ ಕಾಣಬೇಡಿ. ಉಗುರು ಕತ್ತರಿಸಿ, ರಾತ್ರಿ ಕೈಗಳಿಗೆ ಹತ್ತಿಯ ಗ್ಲೌಸು ತೊಡಿಸಿ, ಹಣೆಗೆ ಮೆತ್ತನೆಯ ಪಟ್ಟಿ ಕಟ್ಟಿ. ಕಣ್ಣಿನ ಹತ್ತಿರವಾದ್ದರಿಂದ ಕ್ಯಾಪ್ಸೈಸಿನ್ ಬೇಡ. ಗ್ಯಾಬಾಪೆಂಟಿನ್ ಕೊಟ್ಟರೆ ಕಡಿಮೆ ಪ್ರಮಾಣದಿಂದಲೇ ಆರಂಭಿಸಬೇಕು, ರಾತ್ರಿ ಬಚ್ಚಲಿಗೆ ಏಳುವಾಗ ಜೊತೆಗೊಬ್ಬರು ಇರಬೇಕು. ಆ ಬದಿಯ ಕಣ್ಣು ಕೆಂಪಾಗಿದ್ದರೆ, ನೀರು ಸುರಿಯುತ್ತಿದ್ದರೆ ಅಥವಾ ದೃಷ್ಟಿ ಮಸುಕಾಗಿದ್ದರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಕರೆದುಕೊಂಡು ಹೋಗಿ.