ಸ್ಯಾಚುರೇಷನ್ ಏರಿಸಿದರೂ ಬಣ್ಣ ಯಾಕೆ ಕೂರುತ್ತಿಲ್ಲ?
ಎಡಿಟ್ ಮಾಡುವಾಗ ಸ್ಯಾಚುರೇಷನ್ (ಬಣ್ಣದ ತೀವ್ರತೆ) ಎಷ್ಟು ಏರಿಸಿದರೂ ನಿಮ್ಮ ಬೀದಿ ಫೋಟೋಗಳು ಗಜಿಬಿಜಿ ಅನ್ನಿಸುತ್ತವೆ ಅಂದಿರಲ್ಲ, ಮೊದಲು ಆ ಸ್ಲೈಡರ್ ಬಿಟ್ಟುಬಿಡಿ. ಅದು ಎಲ್ಲ ಬಣ್ಣವನ್ನೂ ಒಟ್ಟಿಗೆ ಕಿರುಚಿಸುತ್ತದೆ, ಅಷ್ಟೇ. ಬಿಸಿಲು ಬಿದ್ದ ಭಾಗ ಬೆಳ್ಳಗಾಗದಂತೆ, ಫೋಟೋ ತೆಗೆಯುವಾಗಲೇ ಎಕ್ಸ್‌ಪೋಶರ್ ಅರ್ಧದಿಂದ 1 ಸ್ಟಾಪ್ ಇಳಿಸಿ (1 ಸ್ಟಾಪ್ ಇಳಿಸಿದರೆ ಕ್ಯಾಮೆರಾ ಹಿಡಿಯುವ ಬೆಳಕು ಅರ್ಧಕ್ಕಿಳಿಯುತ್ತದೆ). ಬಣ್ಣ ತಾನಾಗಿ ಗಾಢವಾಗುತ್ತದೆ, ನೆರಳು ಕಪ್ಪಾಗಿ ಬೇಡದ್ದನ್ನೆಲ್ಲ ನುಂಗುತ್ತದೆ. ಅಮೆರಿಕದ ಛಾಯಾಗ್ರಾಹಕ ಅಲೆಕ್ಸ್ ವೆಬ್ ಅವರ ಫೋಟೋಗಳನ್ನು ಗಮನಿಸಿ, ಆ ಕಡುಬಣ್ಣಗಳ ಪಕ್ಕದಲ್ಲೇ ಎಷ್ಟು ಕತ್ತಲಿದೆ!

ಕೆಂಪು ಬಟ್ಟೆ ಎದುರಿದ್ದರೆ ಹಿಸ್ಟೋಗ್ರಾಂನಲ್ಲಿ (ಫೋಟೋದ ಬೆಳಕಿನ ಹಂಚಿಕೆ ತೋರಿಸುವ ಗ್ರಾಫ್) ಕೆಂಪು ಚಾನೆಲ್ಲನ್ನು, ಅಂದರೆ ಕೆಂಪು ಬಣ್ಣದ ಭಾಗವನ್ನು, ಬೇರೆಯಾಗಿ ನೋಡಿ. ಸಾಮಾನ್ಯವಾಗಿ ಮೊದಲು ಮಿತಿ ಮೀರಿ ವಿವರ ಕಳೆದುಕೊಳ್ಳುವುದು ಅದೇ (ನನಗಿದು ತಿಳಿದದ್ದು ತೀರಾ ತಡವಾಗಿ).

ಮತ್ತೆ, ಜನರ ಹಿಂದೆ ಓಡಬೇಡಿ. ಒಳ್ಳೆ ಹಳದಿ ಗೋಡೆ ಸಿಕ್ಕರೆ ಅಲ್ಲೇ ನಿಂತು, ನೀಲಿ ಬಟ್ಟೆಯವರು ಯಾರಾದರೂ ಹಾದುಹೋಗುವ ತನಕ ಕಾಯಿರಿ. ನಾನಂತೂ 20 ನಿಮಿಷ ಕಾದು ಬರಿಗೈಲಿ ಬಂದದ್ದೇ ಹೆಚ್ಚು.