ಓದುಗರ ಪ್ರಶ್ನೆ: ಹೂಗಳ ಕಣಿವೆಯಲ್ಲಿ ಕ್ಯಾಮೆರಾ

ಪ್ರಶ್ನೆ: ಜುಲೈ ಕೊನೆಯಲ್ಲಿ ಉತ್ತರಾಖಂಡದ ಹೂಗಳ ಕಣಿವೆಗೆ ಹೊರಟಿದ್ದೇನೆ. ಕುದುರೆಮುಖ, ಮುಳ್ಳಯ್ಯನಗಿರಿಗಳಲ್ಲಿ ಚಿತ್ರ ತೆಗೆದು ರೂಢಿಯಿದೆ. ಈಗಾಗಲೇ ಅಲ್ಲಿಗೆ ಹೋಗಿಬಂದ ಗೆಳೆಯರು, ದಿನವಿಡೀ ಮೋಡ ಮುಸುಕಿತ್ತು, ಚಿತ್ರಗಳೆಲ್ಲ ಮಂಕಾಗಿ ಬಂದವು ಎನ್ನುತ್ತಾರೆ. ಪ್ರವಾಸವನ್ನು ಸೆಪ್ಟೆಂಬರ್ ಕೊನೆಗೆ ಮುಂದೂಡಲೇ?
— ಓದುಗರು, ಶಿವಮೊಗ್ಗ

ಉತ್ತರ: ದಯವಿಟ್ಟು ಮುಂದೂಡಬೇಡಿ. ಕಣಿವೆ ಜೂನ್ 1ರಿಂದ ಅಕ್ಟೋಬರ್ 31ರವರೆಗೆ ತೆರೆದಿರುತ್ತದೆಯಾದರೂ, ಹೂವಿನ ಸುಗ್ಗಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮಾತ್ರ. ಸೆಪ್ಟೆಂಬರ್ ಕೊನೆಗೆ ಆಕಾಶ ತಿಳಿಯಾಗುತ್ತದೆ ನಿಜ, ಆದರೆ ಅಷ್ಟರಲ್ಲಿ ಬಹುಪಾಲು ಗಿಡಗಳು ಬೀಜಕ್ಕೆ ತಿರುಗಿರುತ್ತವೆ. ಅಲ್ಲಿ ಹೂವನ್ನೂ ಮೋಡವನ್ನೂ ತರುವುದು ಒಂದೇ ಮಳೆ. 1931ರಲ್ಲಿ ಕಾಮೆಟ್ ಶಿಖರವನ್ನೇರಿ ಮರಳುತ್ತಿದ್ದ ಫ್ರಾಂಕ್ ಸ್ಮೈತ್ ಮತ್ತು ಸಂಗಡಿಗರು ಭ್ಯೂಂದಾರ್ ಕಣಿವೆಗೆ ಇಳಿದು ಈ ಹೂವಿನ ಹಾಸನ್ನು ಕಂಡದ್ದೂ ಮಳೆಗಾಲದಲ್ಲೇ.

ಹೂವಿನ ಮಟ್ಟಿಗೆ ಹೇಳುವುದಾದರೆ, ಮೋಡಕ್ಕಿಂತ ಒಳ್ಳೆಯ ಬೆಳಕು ಇನ್ನೊಂದಿಲ್ಲ. ಮೂರು ಸಾವಿರ ಮೀಟರಿನ ಮೇಲೆ ಗಾಳಿ ತೆಳುವಾಗಿರುವುದರಿಂದ ಬಿಸಿಲು ಬಲು ತೀಕ್ಷ್ಣ. ನೆತ್ತಿಯ ಮೇಲಿನ ಸೂರ್ಯ ದಳದ ಒಂದು ಬದಿಯನ್ನು ಬೆಳ್ಳಗೆ ಸುಟ್ಟು ಇನ್ನೊಂದು ಬದಿಯನ್ನು ಕಪ್ಪು ಮಾಡಿಬಿಡುತ್ತಾನೆ. ಮಂಜು ಕವಿದಾಗ ಬೆಳಕು ಎಲ್ಲ ಕಡೆಯಿಂದಲೂ ಸಮವಾಗಿ ಬಂದು, ದಳದ ನರಗಳವರೆಗೆ ಎಲ್ಲವೂ ಕಾಣುತ್ತದೆ. ನಿಮ್ಮ ಗೆಳೆಯರ ಚಿತ್ರಗಳು ಮಂಕಾಗಲು ಕಾರಣ ಬಹುಶಃ ಮೋಡವಲ್ಲ, ಕ್ಯಾಮೆರಾದ ಬೆಳಕಿನ ಮಾಪಕ. ಎದುರಿಗಿರುವುದು ಬಿಳಿ ಮಂಜೇ ಆದರೂ ಅದನ್ನು ನಡುಬೂದಿಯ ಬಣ್ಣಕ್ಕೆ ಇಳಿಸಿಬಿಡುವುದು ಅದರ ಸ್ವಭಾವ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು (ಮಾಪಕದ ಲೆಕ್ಕವನ್ನು ತಿದ್ದುವ ಸೌಲಭ್ಯ) ಮುಕ್ಕಾಲಿನಿಂದ ಒಂದು ಸ್ಟಾಪ್ ಏರಿಸಿ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು), ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ನಕ್ಷೆ ಬಲತುದಿಗೆ ಬಡಿಯದಂತೆ ನೋಡಿಕೊಳ್ಳಿ. ಕ್ಯಾಮೆರಾ ತಾನಾಗಿ ತಿದ್ದದೆ ಉಳಿಸುವ ರಾ ಫೈಲ್‌ನಲ್ಲೇ ಚಿತ್ರ ತೆಗೆಯಿರಿ. ನೀಲಿ ಮತ್ತು ನೇರಳೆ ಹೂಗಳ ಬಣ್ಣವನ್ನು ಕ್ಯಾಮೆರಾ ಸುಲಭವಾಗಿ ತಪ್ಪು ಗ್ರಹಿಸುತ್ತದೆ, ಅದನ್ನು ಆಮೇಲೆ ತಿದ್ದಲು ಅವಕಾಶವಿರಬೇಕು.

ಬಂಡೆಗಳ ಸಂದಿಯಲ್ಲಿ ಬೆಳೆಯುವ ನೀಲಿ ಗಸಗಸೆ ಹೂವನ್ನು ಸಿಕ್ಕಾಗ ಹತ್ತಿರ ಕುಳಿತು ನೋಡಿ. ಒದ್ದೆ ಮಲ್ಲುಬಟ್ಟೆಯಂತೆ ಸುಕ್ಕಾದ ತೆಳು ದಳಗಳು, ನಡುವೆ ಬಂಗಾರದ ಬಣ್ಣದ ಕೇಸರಗಳ ಕುಚ್ಚು, ಕಾಂಡದ ತುಂಬ ಸಣ್ಣ ಮುಳ್ಳು, ಒಂದೊಂದು ಮುಳ್ಳಿನ ತುದಿಯಲ್ಲೂ ಒಂದು ಹನಿ. ಬಿಸಿಲು ಬಿದ್ದ ಮೇಲೆ ಆ ಹನಿಗಳು ಇರುವುದಿಲ್ಲ. ಗಾಳಿಗೆ ಹೂ ಅಲುಗುವುದರಿಂದ ಶಟರ್ ವೇಗ 1/250 ಸೆಕೆಂಡಿಗಿಂತ ಕೆಳಗಿಳಿಯದಿರಲಿ. ಅದಕ್ಕಾಗಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಬೇಕಾದರೆ ಏರಿಸಿ.

ಪ್ರಶ್ನೆ: ಒಂದೇ ಚಿತ್ರದಲ್ಲಿ ಎದುರಿನ ಹೂವೂ ಹಿಂದಿನ ಪರ್ವತ, ಆಕಾಶಗಳೂ ಸ್ಪಷ್ಟವಾಗಿ ಬರುವುದು ಹೇಗೆ? ನನ್ನ ಚಿತ್ರಗಳಲ್ಲಿ ಹೂ ಸರಿಯಾದರೆ ಆಕಾಶ ಬಿಳಿಚಿಕೊಳ್ಳುತ್ತದೆ.
— ಓದುಗರು, ಧಾರವಾಡ

ಉತ್ತರ: ಮೊದಲು ಸ್ಪಷ್ಟತೆಯ ಮಾತು. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 20 ಮಿ.ಮೀ. ಲೆನ್ಸ್ ಹಾಕಿ, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/11ಕ್ಕೆ ಇಟ್ಟು, ಸುಮಾರು 1.2 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, 60 ಸೆಂ.ಮೀ. ದೂರದ ಹೂವಿನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ. ಆಕಾಶದ ಬೆಳಕಿಗಾಗಿ ಮೂರು ಬೇರೆ ಎಕ್ಸ್‌ಪೋಷರ್‌ಗಳನ್ನು ಬೆರೆಸುವ ವಿಧಾನವನ್ನು ಹಲವರು ಸೂಚಿಸುತ್ತಾರೆ. ಆದರೆ ಗಾಳಿಯಲ್ಲಿ ಹೂ ಮೂರು ಚಿತ್ರಗಳಲ್ಲಿ ಮೂರು ಕಡೆ ಇರುವುದರಿಂದ ಅವು ಕೂಡುವುದಿಲ್ಲ. ನಾನು ಮೇಲರ್ಧ ಮಾತ್ರ ಕಪ್ಪಿರುವ ಗ್ರಾಜುಯೇಟೆಡ್ ಫಿಲ್ಟರನ್ನೇ ನೆಚ್ಚುತ್ತೇನೆ. ಪೋಲರೈಸರ್ ಎಂಬ ತಿರುಗಿಸುವ ಫಿಲ್ಟರನ್ನು ಒದ್ದೆ ಎಲೆಗಳ ಹೊಳಪು ತಗ್ಗಿಸಲು ಧಾರಾಳವಾಗಿ ಬಳಸಿ. ಆದರೆ ಆ ಎತ್ತರದಲ್ಲಿ ಆಕಾಶ ತಾನಾಗಿಯೇ ಗಾಢ ನೀಲಿಯಾಗಿರುವುದರಿಂದ, ಪೋಲರೈಸರನ್ನು ಪೂರ್ತಿ ತಿರುಗಿಸಿದರೆ ಅದು ಕಪ್ಪಿಗೆ ಹತ್ತಿರವಾಗುತ್ತದೆ, ಅಗಲ ಲೆನ್ಸಿನಲ್ಲಿ ಒಂದು ಕಡೆ ಮಾತ್ರ ಕಪ್ಪು ಪಟ್ಟೆ ಬೀಳುತ್ತದೆ.

ಇನ್ನು ಆಕಾಶದ ನಡವಳಿಕೆ. ಬೆಳಗ್ಗೆ ಶಿಖರಗಳು ತೆರೆದಿರುವ ಸಂಭವ ಹೆಚ್ಚು. ಹೊತ್ತೇರಿದಂತೆ ಬಿಸಿಯಾದ ಇಳಿಜಾರುಗಳ ಗುಂಟ ಗಾಳಿ ಮೇಲೇರಿ, ತನ್ನ ತೇವವನ್ನು ಮೋಡವಾಗಿ ಬಿಡುತ್ತದೆ. ಕಣಿವೆಯಲ್ಲಿ ರಾತ್ರಿ ತಂಗಲು ಅನುಮತಿಯಿಲ್ಲದ ಕಾರಣ ಸೂರ್ಯೋದಯ, ಸೂರ್ಯಾಸ್ತಗಳ ಆಸೆಯನ್ನು ಬಿಟ್ಟು, ಕಣಿವೆಗೆ ಹೋಗುವವರು ತಂಗುವ ಊರಾದ ಘಾಂಘರಿಯಾದಿಂದ ಬೇಗನೆ ಹೊರಟು, ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಮೋಡ ಕವಿದ ಮೇಲೂ ಹಿಂದಿರುಗುವ ಅವಸರ ಬೇಡ. ಒಂದು ಆಗಸ್ಟಿನಲ್ಲಿ ನಾನು ಪುಷ್ಪಾವತಿ ನದಿಯ ಕಡೆಗೆ ಮುಖ ಮಾಡಿ, ಹೂಗಳನ್ನು ಚೌಕಟ್ಟಿಗೆ ಕೂಡಿಸಿ, ಟ್ರೈಪಾಡ್ ಊರಿ, ಹತ್ತು ಗಂಟೆಯಿಂದ ಒಂದರವರೆಗೆ ಕುಳಿತಿದ್ದೆ. ಮಂಜು ಹರಿದದ್ದು ಒಂದೇ ಸಲ, ಎರಡೋ ಮೂರೋ ನಿಮಿಷ. ಹಿಮನದಿಯ ಮೇಲೆ ಮೋಡದ ನೆರಳು ಸರಿಯುತ್ತಿದ್ದ ಆ ಚಿತ್ರ ಇಂದಿಗೂ ನನ್ನ ಗೋಡೆಯ ಮೇಲಿದೆ. ಆಗ ಚೌಕಟ್ಟನ್ನು ಹುಡುಕಲು ಹೊರಟಿದ್ದರೆ ಅದು ಸಿಗುತ್ತಿರಲಿಲ್ಲ.

ಕುಳಿತುಕೊಳ್ಳುವ ಜಾಗ ಮಾತ್ರ ಕಾಲ್ದಾರಿಯೇ ಆಗಿರಲಿ, ಇಲ್ಲವೇ ದಾರಿಗೆ ತಾಗಿದ ಬಂಡೆಯಾಗಿರಲಿ. ಹಿಮ ಕರಗಿ ಮತ್ತೆ ಬೀಳುವ ನಡುವಿನ ಕೆಲವೇ ತಿಂಗಳಲ್ಲಿ ಚಿಗುರಿ, ಹೂತು, ಬೀಜ ಕಟ್ಟಬೇಕಾದ ಗಿಡಗಳವು. ಒಂದು ಒಳ್ಳೆಯ ಕೋನಕ್ಕಾಗಿ ಇಟ್ಟ ಹೆಜ್ಜೆ ಅವುಗಳ ಆ ವರ್ಷವನ್ನೇ ಮುಗಿಸಿಬಿಡುತ್ತದೆ. ದಾರಿಯ ಅಂಚಿನಲ್ಲೇ ಬೇಕಾದಷ್ಟು ಹೂಗಳಿವೆ.

ಪ್ರಶ್ನೆ: ನಮ್ಮ ಮನೆಯಂಗಳದ ಬ್ರಹ್ಮಕಮಲವೇ ಹಿಮಾಲಯದಲ್ಲೂ ಅರಳುತ್ತದೆಯೇ? ಕಣಿವೆಯಲ್ಲಿ ಅದು ಸಿಗುತ್ತದೆಯೇ?
— ಓದುಗರು, ಸಾಗರ

ಉತ್ತರ: ಎರಡೂ ಬೇರೆ. ನಮ್ಮಲ್ಲಿ ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಬಾಡುವುದು ಮೆಕ್ಸಿಕೊ ಕಡೆಯಿಂದ ಬಂದ ಒಂದು ಬಗೆಯ ಕಳ್ಳಿ. ಉತ್ತರಾಖಂಡದ ರಾಜ್ಯಪುಷ್ಪವಾದ ಬ್ರಹ್ಮಕಮಲ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು. ಅದನ್ನು ನೋಡಲು ಘಾಂಘರಿಯಾದಿಂದ ಸುಮಾರು ಆರು ಕಿ.ಮೀ. ಕಡಿದಾದ ಏರನ್ನು ಹತ್ತಿ, 4,300 ಮೀಟರಿಗೂ ಎತ್ತರದಲ್ಲಿರುವ ಹೇಮಕುಂಡ ಸರೋವರದ ಸುತ್ತಮುತ್ತ ಹುಡುಕುವುದು ಒಳ್ಳೆಯದು. ಆಗಸ್ಟ್ ಅದಕ್ಕೆ ತಕ್ಕ ಕಾಲ. ದಳಗಳಂತೆ ಕಾಣುವ ತೆಳುಹಳದಿ ಹೊದಿಕೆಗಳು ಕಾಗದದಂತೆ ಅರೆಪಾರದರ್ಶಕ, ನಿಜವಾದ ನೇರಳೆ ಹೂಗೊಂಚಲು ಅವುಗಳ ಒಳಗಿದೆ. ಆದ್ದರಿಂದ ಬೆಳಕು ಹೂವಿನ ಹಿಂದಿನಿಂದ ಬರುವಂತೆ ನಿಂತರೆ, ಹೊದಿಕೆ ದೀಪದ ಗೂಡಿನಂತೆ ಬೆಳಗಿ ಒಳಗಿನ ನೇರಳೆ ಮಸುಕಾಗಿ ತೋರುತ್ತದೆ.

ಪ್ರಶ್ನೆ: ಚಳಿ, ತೇವಗಳಿಂದ ಕ್ಯಾಮೆರಾವನ್ನು ಕಾಪಾಡುವುದು ಹೇಗೆ?
— ಓದುಗರು, ಮೈಸೂರು

ಉತ್ತರ: ಚಳಿಯಲ್ಲಿ ಬ್ಯಾಟರಿಯ ಶಕ್ತಿ ಬೇಗ ಕುಂದುವುದರಿಂದ ಹೆಚ್ಚಿನ ಬ್ಯಾಟರಿಗಳನ್ನು ಅಂಗಿಯ ಒಳಜೇಬಿನಲ್ಲಿಡಿ. ಮಳೆಗಿಂತ ಹೆಚ್ಚು ಅಪಾಯ ಬೆಚ್ಚನೆಯ ಕೋಣೆಯಿಂದ. ನಾನೊಮ್ಮೆ ತಣ್ಣಗಾಗಿದ್ದ ಕ್ಯಾಮೆರಾವನ್ನು ಹೆಗಲಿಗೆ ಹಾಕಿಕೊಂಡೇ, ಕೆಟಲಿನ ಹಬೆ ತುಂಬಿದ್ದ ಚಹಾದಂಗಡಿಯೊಳಗೆ ಹೋಗಿ, ಲೆನ್ಸಿನ ಒಳಗಾಜಿಗೆ ತೇವ ಕಟ್ಟಿ ಅರ್ಧ ದಿನ ಕಳೆದುಕೊಂಡೆ. ಒಳಗೆ ಹೋಗುವ ಮುನ್ನ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಬಿಗಿದರೆ ಹನಿಗಳು ಚೀಲದ ಹೊರಮೈಗೆ ಕೂರುತ್ತವೆ. ಅದು ಕೋಣೆಯಷ್ಟೇ ಬೆಚ್ಚಗಾದ ಮೇಲೆ ಚೀಲ ಬಿಚ್ಚಿ.